ತೂತಿನ ಪೆಟ್ಟಿಗೆ, ಮುಚ್ಚಿದ ಪೆಟ್ಟಿಗೆ, ಬರೀ ಹಲಗೆ: ಡೊಂಬಿವಲಿಯ ಹಾಲ್‌ನಲ್ಲಿ ಒಂದೇ ವೂಫರ್‌ಗೆ ಮೂರು ಪರೀಕ್ಷೆ

ಒಂದೇ ಜೊತೆ ಆರೂವರೆ ಇಂಚಿನ ವೂಫರ್, ಅಂದ್ರೆ ಬಾಸ್ (ತಗ್ಗಿನ ಸ್ವರ) ನುಡಿಸುವ ಸ್ಪೀಕರ್. ಎರಡು ವರ್ಷದಲ್ಲಿ ಅದಕ್ಕೆ ಮೂರು ಥರದ ಮನೆ ಕಟ್ಟಿ ನೋಡಿದೆ. ಮೊದಲನೆಯದು ಪೋರ್ಟ್ ಇರುವ ಪೆಟ್ಟಿಗೆ, ಅಂದ್ರೆ ಒಳಗಿನ ಗಾಳಿ ಹೊರಬರಲು ಪೈಪ್ ಕೂರಿಸಿದ್ದು. ಕೊನೆಯದು ಪೂರ್ತಿ ಮುಚ್ಚಿದ್ದು. ನಡುವೆ ಒಂದು ತಿಂಗಳು ಪೆಟ್ಟಿಗೆಯೇ ಇಲ್ಲದ ಬರೀ ಹಲಗೆ. ಈಗ ನಮ್ಮನೆಯಲ್ಲಿ ಉಳಿದಿರುವುದು ಮುಚ್ಚಿದ್ದು. ಲೆಕ್ಕ ಹಾಕಿದಾಗ ಬಾಸ್‌ನಲ್ಲಿ ಅದೇ ಪೋರ್ಟ್‌ಗಿಂತ ತುಂಬಾ ಹಿಂದೆ ಇತ್ತು. ಹಾಗಿದ್ದೂ ಯಾಕೆ ಗೆದ್ದಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗ. ಡೊಂಬಿವಲಿಯಲ್ಲಿ ನಮ್ಮದು ಒನ್ ಬಿಎಚ್‌ಕೆ. ಹಾಲ್ ಹತ್ತು ಅಡಿಗೆ ಹನ್ನೆರಡು ಅಡಿ. ಒಂದು ಕಡೆ ದಿವಾನ, ಎದುರಿಗೆ ಟಿವಿ, ಪಕ್ಕದಲ್ಲಿ ಕಪಾಟು. ಸ್ಪೀಕರ್ ಇಡಬೇಕು ಅಂದ್ರೆ ಗೋಡೆಗೆ ಅಂಟಿಸಿಯೇ ಇಡಬೇಕು. ಅಪ್ಪ ಮಾಟುಂಗಾದ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದವರು. ಅವರಿಗೆ ಯಕ್ಷಗಾನ ಬೇಕು. ನನಗೆ ಹಿಂದೂಸ್ತಾನಿ. ಚೆಂಡೆ, ಮದ್ದಳೆ, ತಾನ್ಪುರ, ತಬಲಾದ ಎಡಗೈ ಡಗ್ಗಾ, ಗಂಡಸಿನ ಗಂಟಲು: ನಮ್ಮ ಪರೀಕ್ಷೆಯ ಸಾಮಾನು ಇಷ್ಟೇ.

ಡ್ರೈವರ್, ಅಂದ್ರೆ ಪೆಟ್ಟಿಗೆ ಇಲ್ಲದ ಬರೀ ಸ್ಪೀಕರ್, ತಂದದ್ದು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ. ದಾದರಿನಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಆಯ್ತು. ಅಲ್ಲಿ ಸ್ಪೀಕರ್ ಬೇಕಾದಷ್ಟು ಸಿಗುತ್ತದೆ. ಆದರೆ ಅಳತೆಯ ಚೀಟಿ ಇಲ್ಲದ ಡ್ರೈವರ್ ಎಷ್ಟು ಅಗ್ಗ ಆದರೂ ಕೊಳ್ಳಬೇಡಿ. ನನ್ನದರಲ್ಲಿ ಎಫ್‌ಎಸ್ (ಡ್ರೈವರ್ ತಾನಾಗಿ ಅಲ್ಲಾಡುವ ವೇಗ) 45 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 45 ಸಲ, ಕ್ಯೂಟಿಎಸ್ (ಆ ಅಲ್ಲಾಟಕ್ಕೆ ಎಷ್ಟು ಕಡಿವಾಣ ಅನ್ನುವ ಅಳತೆ) 0.38, ವಿಎಎಸ್ (ಡ್ರೈವರ್‌ನಷ್ಟೇ ಬಿಗಿಯಾಗಿ ಸ್ಪ್ರಿಂಗ್ ಆಗುವ ಗಾಳಿಯ ಅಳತೆ) 20 ಲೀಟರ್ ಅಂತ ಇತ್ತು. ಈ ಮೂರು ಸಂಖ್ಯೆ ಕೈಯಲ್ಲಿದ್ದರೆ ಪೆಟ್ಟಿಗೆಯ ಅಳತೆ ತಾನಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟರು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಅದಕ್ಕೂ ಮುಂಚೆ ಪೋರ್ಟ್ ಪೆಟ್ಟಿಗೆ ಅಂದ್ರೆ ಹೆಚ್ಚಿನಂಶ ಅಂದಾಜಿನ ಕೆಲಸ. ಇವತ್ತು ನಾವು ಪೆಟ್ಟಿಗೆಯ ಲೆಕ್ಕ ಹಾಕುವ ಸಾಫ್ಟ್‌ವೇರ್ ವಿನ್‌ಐಎಸ್‌ಡಿ ತೆರೆದು ಮೂರು ಸಂಖ್ಯೆ ತುಂಬಿದರೆ ಸಾಕು.

ತುಂಬಿದೆ. 14 ಲೀಟರ್ ಪೆಟ್ಟಿಗೆ, 45 ಹರ್ಟ್ಸ್‌ಗೆ ಹೊಂದಿಸಿದ ಪೋರ್ಟ್, 5 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪ್ 17 ಸೆಂಟಿಮೀಟರ್ ಉದ್ದ. ಯಾವ ಸ್ವರ ಎಷ್ಟು ಜೋರು ಅಂತ ಕಂಪ್ಯೂಟರ್ ತೋರಿಸುವ ಗೆರೆ ಕೆಳಗೆ 45 ಹರ್ಟ್ಸ್‌ವರೆಗೂ ಚೆನ್ನಾಗಿ ಹೋಗುತ್ತಿತ್ತು. ಅದೇ ಡ್ರೈವರ್ ಮುಚ್ಚಿದ 8 ಲೀಟರ್ ಪೆಟ್ಟಿಗೆಯಲ್ಲಿ 84 ಹರ್ಟ್ಸ್‌ಗೇ 3 ಡಿಬಿ (ಡೆಸಿಬೆಲ್, ಶಬ್ದದ ಮಟ್ಟದ ಅಳತೆ) ಇಳಿದಿರುತ್ತದೆ. ಹೆಚ್ಚುಕಡಿಮೆ ಒಂದು ಸ್ಥಾಯಿಯ ವ್ಯತ್ಯಾಸ. ಯಾರು ಮುಚ್ಚಿದ್ದನ್ನು ಆರಿಸುತ್ತಾರೆ ಹೇಳಿ? ನಾನೂ ಪೋರ್ಟ್ ಕಡೆಗೇ ಹೋದೆ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಸಿ, ಅಂಟಿಸಿ, ಗೋಡೆ ಪಕ್ಕ ಇಟ್ಟು ಹಾಡು ಹಾಕಿದೆ. ಮೊದಲ ಅರ್ಧ ಗಂಟೆ ಖುಷಿಯೋ ಖುಷಿ. ಪೋರ್ಟ್ ಬಾಯಿಗೆ ಅಂಗೈ ಹಿಡಿದರೆ ಡಗ್ಗಾದ ಒಂದೊಂದು ಪೆಟ್ಟಿಗೂ ಗಾಳಿ ಬಂದು ಬಡಿಯುತ್ತಿತ್ತು. ಆಮೇಲೆ ಗಮನಿಸಿದೆ. ಯಾವ ಹಾಡು ಹಾಕಿದರೂ ತಳದಲ್ಲಿ ಒಂದೇ ಸ್ವರ. ಸಿನಿಮಾ ಹಾಡಿನ ಡ್ರಮ್ ಆಗಲಿ ಬಾಸ್ ಗಿಟಾರ್ ಆಗಲಿ, ಅದೇ ‘ಗುಂ’. ಕೆಳಗಿನ ಮನೆಯ ಕಾಕು (ಮರಾಠಿ ಆಂಟಿ) ಮೇಲೆ ಬಂದು, ನಿಮ್ಮ ಹಾಡು ಕೇಳಲ್ಲ, ಆದ್ರೆ ನಮ್ಮ ಕಪಾಟಿನ ಗಾಜು ಅಲ್ಲಾಡ್ತದೆ ಅಂದ್ರು.

ಕಾರಣ ಹಾಲ್‌ನ ಉದ್ದದಲ್ಲಿತ್ತು. ಹನ್ನೆರಡು ಅಡಿ ಅಂದ್ರೆ 3.66 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿ: 47 ಹರ್ಟ್ಸ್. ಎರಡು ಗೋಡೆಗಳ ಮಧ್ಯೆ ಈ ಸ್ವರ ಸಿಕ್ಕಿಕೊಂಡು ಜೋರಾಗುತ್ತದೆ, ಖಾಲಿ ಕೊಡದ ಬಾಯಿಗೆ ಊದಿದಾಗ ಒಂದೇ ಸ್ವರ ಎದ್ದು ಬರುತ್ತದಲ್ವಾ, ಹಾಗೆ. ನನ್ನ ಪೋರ್ಟ್ 45ಕ್ಕೆ, ಕೋಣೆ 47ಕ್ಕೆ. ಒಂದಕ್ಕೊಂದು ತಾಳ ಹಾಕಿದಂತಾಯ್ತು. ಸ್ನೇಹಿತರೊಬ್ಬರ ಅಳತೆಯ ಮೈಕ್ ತಂದು, ಉಚಿತವಾಗಿ ಸಿಗುವ, ಕೋಣೆಯ ಶಬ್ದ ಅಳೆಯುವ ಸಾಫ್ಟ್‌ವೇರ್ ರೂಮ್ ಇಕ್ಯೂ ವಿಝರ್ಡ್‌ನಲ್ಲಿ ನೋಡಿದರೆ ಸರಿಯಾಗಿ ಅಲ್ಲೇ ಒಂದು ಗುಡ್ಡ ಎದ್ದು ನಿಂತಿತ್ತು.

ಆ ರಾತ್ರಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಎರಡು ಪೋರ್ಟ್‌ಗೂ ಒಂದೊಂದು ದಪ್ಪ ಕಾಲುಚೀಲ ತುರುಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ತಾನ್ಪುರ ಹಾಕಿದೆ, ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿ. ಅದರ ಖರ್ಜದ, ಅಂದ್ರೆ ಎಲ್ಲಕ್ಕಿಂತ ತಗ್ಗಿನ ತಂತಿ 69 ಹರ್ಟ್ಸ್ ಹತ್ತಿರ. ಅದುವರೆಗೂ ಆ ತಂತಿ ಒಂದು ಮೋಡದ ಹಾಗೆ ಕೇಳುತ್ತಿತ್ತು. ಈಗ ಮೀಟಿದ ಕ್ಷಣ, ಅದರ ಹಿಂದೆ ನಿಧಾನ ಬಿಚ್ಚಿಕೊಳ್ಳುವ ಜವಾರಿ (ತಂತಿಯ ಝೇಂಕಾರ), ಎರಡೂ ಬೇರೆ ಬೇರೆ ಕೇಳಿಸಿದವು. ದಿವಾನದ ಮೇಲೆ ಮಲಗಿದ್ದ ಅಪ್ಪ ಎದ್ದು ಕೂತು, “ಈಗ ಎಂತ ಮಾಡಿದೆ ಮಾರಾಯ? ಇಷ್ಟು ದಿನ ಪೆಟ್ಟಿಗೆ ಹಾಡ್ತಿತ್ತು” ಅಂದ್ರು.

ಹಾಗಾಗಿ ಮುಚ್ಚಿದ 8 ಲೀಟರ್ ಪೆಟ್ಟಿಗೆ ಕಟ್ಟಿದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಮಾರುಕಟ್ಟೆಗೆ ತಂದ ಎಆರ್-1 ಸ್ಪೀಕರ್ ಇದೇ ಜಾತಿಯದು. ಒಳಗೆ ಸಿಕ್ಕಿಹಾಕಿಕೊಂಡ ಗಾಳಿಯೇ ಕೋನ್‌ಗೆ (ಡ್ರೈವರ್‌ನ ಅಲ್ಲಾಡುವ ಮುಂಭಾಗಕ್ಕೆ) ಸ್ಪ್ರಿಂಗ್. ಮುಚ್ಚಿದ ಪೆಟ್ಟಿಗೆಯಲ್ಲಿ ಬಾಸ್ ಇಳಿಯುವುದು ಸ್ಥಾಯಿಗೆ 12 ಡಿಬಿ, ಪೋರ್ಟ್‌ನಲ್ಲಿ 24. ಅಂದ್ರೆ ಇದು ಬೇಗ ಇಳಿಯಲು ಶುರು ಮಾಡಿದರೂ ಮೆಲ್ಲಗೆ ಇಳಿಯುತ್ತದೆ. ಸಣ್ಣ ಕೋಣೆ, ಹಿಂದಿನ ಗೋಡೆ, ಎರಡೂ ಸೇರಿ ಕೆಳಗಿನ ಸ್ವರಗಳನ್ನು ಎತ್ತಿಕೊಡುತ್ತವೆ. ಇಳಿಜಾರು ಮತ್ತು ಏರು ಒಂದನ್ನೊಂದು ಬಹುಪಾಲು ಸರಿಮಾಡುತ್ತವೆ. ಕಂಪ್ಯೂಟರ್ ತೋರಿಸಿದ ಆ ಗೆರೆಯಲ್ಲಿ ಗೋಡೆಗಳೇ ಇರಲಿಲ್ಲ. ನಾನು ನೋಡದೆ ಬಿಟ್ಟದ್ದು ಅದನ್ನೇ.

ಈ ಪೆಟ್ಟಿಗೆಯಲ್ಲಿ ಸೋರಿಕೆ ಇರಲೇಬಾರದು. ನಾನು ಮಾಡಿದ್ದು ಹೀಗೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಗರಬತ್ತಿ ಹಚ್ಚಿದೆ. ಜೋರಾದ ಬಾಸ್ ಹಾಕಿ, ಬತ್ತಿಯನ್ನು ಒಂದೊಂದು ಸಂದಿಯ ಪಕ್ಕವೂ ನಿಧಾನ ತಂದೆ. ಹೊಗೆಯ ಎಳೆ ನೆಟ್ಟಗೆ ಏರುತ್ತಿದ್ದರೆ ಸರಿ. ಹಿಂದೆ ವೈರ್ ಸಿಕ್ಕಿಸುವ ಟರ್ಮಿನಲ್ ಹತ್ತಿರ ಬಂದಾಗ ಎಳೆ ಸಣ್ಣಗೆ ನಡುಗಿತು, ಹಾಡಿನ ತಾಳಕ್ಕೆ ಸರಿಯಾಗಿ. ಅಲ್ಲಿ ಕೂದಲೆಳೆಯಷ್ಟು ಸಂದಿ. ಎಂ-ಸೀಲ್ ಹಚ್ಚಿ ಒಂದು ದಿನ ಬಿಟ್ಟೆ. ಆಮೇಲೆ ಕೋನ್ ಅನ್ನು ಬೆರಳ ತುದಿಯಲ್ಲಿ ಮೆತ್ತಗೆ ಒತ್ತಿ ಬಿಟ್ಟರೆ ತಟ್ಟನೆ ಹಾರದೆ, ಉಸಿರು ಬಿಟ್ಟಂತೆ ನಿಧಾನ ವಾಪಸ್ ಬಂತು. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ಹಾಕಿದ್ದೇನೆ.

ಬರೀ ಹಲಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 60 ಸೆಂಟಿಮೀಟರ್ ಅಗಲದ ಪ್ಲೈವುಡ್‌ಗೆ ತೂತು ಕೊರೆದು ಡ್ರೈವರ್ ಕೂರಿಸಿದ್ದೆ, ಅಷ್ಟೇ. ಭಾಗವತರ ಧ್ವನಿ ಅದರಲ್ಲಿ ಕೇಳಿದಷ್ಟು ಸಹಜವಾಗಿ ಬೇರೆ ಯಾವುದರಲ್ಲೂ ಕೇಳಿಲ್ಲ. ಆದರೆ ಕೋನ್‌ನ ಹಿಂಬದಿಯಿಂದ ಹೊರಡುವ ಶಬ್ದದ ಅಲೆ ಹಲಗೆಯ ಅಂಚು ಸುತ್ತಿ ಮುಂದೆ ಬಂದು ಬಾಸ್ ಅನ್ನು ತಿಂದುಹಾಕುತ್ತದೆ. ಮದ್ದಳೆಯ ಗುಂಕಿ, ಅಂದ್ರೆ ಅದರ ತಗ್ಗಿನ ನಾದ, ಪೂರ್ತಿ ಹೋಯ್ತು. ಗೋಡೆಯಿಂದ ಒಂದು ಮೀಟರ್ ಆದರೂ ಮುಂದೆ ಇಡಬೇಕು. ನಮ್ಮ ಹಾಲ್‌ನಲ್ಲಿ ಅಷ್ಟು ಮುಂದೆ ಇಟ್ಟರೆ ಅಡುಗೆಮನೆಗೆ ದಾರಿಯೇ ಇಲ್ಲ.

ಮರದ ಮಾತು ಹೇಳಲೇಬೇಕು, ಮುಂಬೈ ಮಳೆ ಗೊತ್ತಲ್ವಾ. ಪೋರ್ಟ್ ಪೆಟ್ಟಿಗೆಯ ಎಂಡಿಎಫ್ ಜುಲೈ ಮುಗಿಯುವಷ್ಟರಲ್ಲಿ ಕೆಳಗಿನ ಅಂಚಿನಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಊದಿತು. ಸ್ಕ್ರೂ ತಿರುಗಿಸಿದರೆ ಹಿಡಿತವೇ ಇಲ್ಲ. ಮುಚ್ಚಿದ್ದನ್ನು 18 ಎಂಎಂ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ಪ್ಲೈನಲ್ಲಿ ಮಾಡಿದೆ, ಭಾರತೀಯ ಮಾನಕದ ಐಎಸ್ 710 ಗುರುತು ಇರುವುದು. ಎರಡು ಮಳೆಗಾಲ ಕಳೆದರೂ ಅಂಚು ನೆಟ್ಟಗಿದೆ. ಶಬ್ದ ಬದಲಾಗಿದ್ದು ಮರದಿಂದ ಅಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಕಾಲುಚೀಲ ತುರುಕಿದ್ದು ಅದೇ ಎಂಡಿಎಫ್ ಪೆಟ್ಟಿಗೆಗೆ ಅಲ್ವಾ.

ಇನ್ನು ಕಂಪ್ಯೂಟರ್. ಟ್ವೀಟರ್‌ಗೂ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ವೂಫರ್‌ಗೂ ಹಾಡನ್ನು 2500 ಹರ್ಟ್ಸ್‌ನಲ್ಲಿ ಹಂಚುವ ಕೆಲಸ ಎರಡು ಥರ ಮಾಡಿ ನೋಡಿದೆ. ಒಂದು, ಕಾಯಿಲ್ ಮತ್ತು ಕೆಪಾಸಿಟರ್‌ನ ಹಳೇ ದಾರಿ. ಇನ್ನೊಂದು, ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಶಬ್ದ ಹಂಚುವ, ತಿದ್ದುವ ಸಾಫ್ಟ್‌ವೇರ್ ಕ್ಯಾಮಿಲ್ಲಾಡಿಎಸ್‌ಪಿ ಓಡಿಸಿ, ನಾಲ್ಕು ಚಾನೆಲ್ ಸೌಂಡ್ ಕಾರ್ಡ್, ನಾಲ್ಕು ಆಂಪ್ (ಆಂಪ್ಲಿಫೈಯರ್). ಎರಡನೆಯದು ಕಲಿಯುವವರಿಗೆ ಹಬ್ಬ. ಒಂದು ಸಂಖ್ಯೆ ಬದಲಿಸಿದರೆ ಆ ಕ್ಷಣವೇ ಕಿವಿಗೆ ಗೊತ್ತಾಗುತ್ತದೆ, ಒಂದು ಕಾಯಿಲ್‌ಗಾಗಿ ಗ್ರಾಂಟ್ ರೋಡ್‌ಗೆ ಓಡಬೇಕಿಲ್ಲ. ಆದರೆ ಒಂದು ದಿನ ಪೈ ಶುರುವಾಗುವಾಗ ಆಂಪ್ ಆನ್ ಇತ್ತು. ‘ಟಪ್’ ಅಂತ ಒಂದು ಪೆಟ್ಟು, ಎಡಗಡೆ ಟ್ವೀಟರ್ ಸತ್ತಿತು. ತುಂಬಾ ಬೇಜಾರಾಯ್ತು. ಈ ದಾರಿ ಹಿಡಿಯುವವರು ಟ್ವೀಟರ್‌ಗೆ ಸರಣಿಯಲ್ಲಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕದೆ ಮುಂದುವರಿಯಬೇಡಿ.

ಕೊನೆಗೆ ನಾನು ನಿಂತದ್ದು ನಡುವಿನಲ್ಲಿ. ಹಂಚುವ ಕೆಲಸ ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರ್‌ಗೆ. ಪೈಗೆ ಬಾಸ್ ತಿದ್ದುವ ಕೆಲಸ ಮಾತ್ರ: 47 ಹರ್ಟ್ಸ್ ಹತ್ತಿರ 5 ಡಿಬಿ ಇಳಿಕೆ, 60 ಮತ್ತು 80ರ ಮಧ್ಯೆ 3 ಡಿಬಿ ಏರಿಕೆ. 3 ಡಿಬಿ ಅಂದ್ರೆ ಅಲ್ಲಿ ಎರಡರಷ್ಟು ಪವರ್ ಬೇಕು, ಅದಕ್ಕಿಂತ ಎತ್ತಲು ನನಗೆ ಮನಸ್ಸಿಲ್ಲ. ಇದೇ ಇಳಿಕೆಯನ್ನು ಪೋರ್ಟ್ ಪೆಟ್ಟಿಗೆಗೂ ಕೊಟ್ಟು ನೋಡಿದ್ದೆ. ಗುಡ್ಡ ತಗ್ಗಿತು, ಆದರೆ 45ಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ಆಸರೆ ಇಲ್ಲದೆ ಬಡಬಡ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಆಂಪ್ ಟಿಪಿಎ3116 ಬೋರ್ಡ್. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುತ್ತದೆ, ನಮ್ಮ ಹಾಲ್‌ಗೆ ಅದೇ ಧಾರಾಳ.

ಪುಣೆಯಲ್ಲಿ ನನ್ನ ಭಾವನ ಹಾಲ್ ಇಪ್ಪತ್ತು ಅಡಿ ಉದ್ದ. ಅಲ್ಲಿನ ಲೆಕ್ಕ 28 ಹರ್ಟ್ಸ್‌ಗೆ ಬರುತ್ತದೆ, ಪೋರ್ಟ್‌ನ 45ರಿಂದ ದೂರ. ಅವರಿಗೆ ಅದೇ ಡ್ರೈವರ್ ತಂದು, ಅದೇ 14 ಲೀಟರ್ ಪೋರ್ಟ್ ಪೆಟ್ಟಿಗೆಯನ್ನು ಪ್ಲೈನಲ್ಲಿ ಮಾಡಿಕೊಟ್ಟೆ. ಗೋಡೆಯಿಂದ ಮೂರಡಿ ಮುಂದೆ ನಿಲ್ಲಿಸಿದ್ದಾರೆ. ಡಗ್ಗಾ ದುಂಡಗೆ ಬರುತ್ತದೆ, ‘ಗುಂ’ ಇಲ್ಲ. ಹೋದ ಸಲ ಹೋದಾಗ ಅಭ್ಯಾಸದಂತೆ ಪೋರ್ಟ್‌ಗೆ ಕಾಲುಚೀಲ ಹಾಕಿ ತೋರಿಸಿದೆ. ಎರಡೇ ನಿಮಿಷ ಕೇಳಿ ಭಾವ ತಾವೇ ಎದ್ದು ಬಂದು ಅದನ್ನು ಎಳೆದು ನನ್ನ ಕೈಗಿಟ್ಟರು.