ಪದ್ಮಿನಿ ಕಾರಿನ ತುಕ್ಕಿಗೆ ಹಾಲಿನಂಥ ಔಷಧಿ: ಮೂರು ಮಳೆಗಾಲದ ನಂತರ

ತುಕ್ಕಿನ ಮೇಲೆ ನೇರವಾಗಿ ಹಚ್ಚಿ, ತುಕ್ಕೇ ಪ್ರೈಮರ್ ಆಗುತ್ತದೆ ಅಂತ ಬಾಟಲಿ ಮೇಲೆ ಬರೆದಿತ್ತು. ಅದನ್ನು ನಂಬಿ ತಂದ ರಸ್ಟ್ ಕನ್ವರ್ಟರ್ ಇದು. ನಮ್ಮ 1986ರ ಪ್ರೀಮಿಯರ್ ಪದ್ಮಿನಿಗೆ ಹಚ್ಚಿ ಮೂರು ಮಳೆಗಾಲ ಕಳೆಯಿತು. ನಮ್ಮದು ಪುತ್ತೂರಿನ ಕಡೆ. ಜುಲೈ ತಿಂಗಳಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಊರು. ತುಕ್ಕಿನ ಔಷಧಿಗೆ ಇದಕ್ಕಿಂತ ಗಟ್ಟಿ ಪರೀಕ್ಷೆ ಬೇರೆ ಬೇಕಾ?

ಕಾರು ದೊಡ್ಡಪ್ಪನದು. ಅವರು ಓಡಿಸುವುದು ಬಿಟ್ಟ ಮೇಲೆ ಹನ್ನೊಂದು ವರ್ಷ ಹಟ್ಟಿ ಪಕ್ಕದ ಶೆಡ್ಡಿನಲ್ಲಿ, ಅಡಿಕೆ ಚೀಲಗಳ ನಡುವೆ ನಿಂತಿತ್ತು. ಎಂಜಿನ್ ವಿಷಯ ಇಲ್ಲಿ ಬೇಡ. ಆ 1089 ಸಿಸಿ ಎಂಜಿನ್ ಕಣ್ಣು ಮುಚ್ಚಿ ಬಿಚ್ಚುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಟ್ಯಾಂಕ್ ತೊಳೆದು, ಕಾರ್ಬ್ಯುರೇಟರ್ ಬಿಚ್ಚಿ ಸ್ವಚ್ಛ ಮಾಡಿದ ಮೇಲೆ ಅದು ಎದ್ದುಬಿಟ್ಟಿತು. ತೊಂದರೆ ಇದ್ದದ್ದು ತಗಡಿನಲ್ಲಿ. ಈ ಕಾರಿಗೆ ಹಳೇ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಎಲ್ಲ ಭಾರ ಹೊರಬೇಕು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಎಂಜಿನ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ? ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಹೊಸ ನೆಲದ ತಗಡು ನನಗಂತೂ ಎಲ್ಲೂ ಸಿಗಲಿಲ್ಲ. ಇದ್ದದ್ದನ್ನೇ ಉಳಿಸಿಕೊಳ್ಳಬೇಕಿತ್ತು. ಪೂರ್ತಿ ಟಿಂಕರ್ ಕೆಲಸ ಮಾಡಿಸುವಷ್ಟು ದುಡ್ಡೂ ಇರಲಿಲ್ಲ.

2023ರ ಜನವರಿಯಲ್ಲಿ ಶುರು ಮಾಡಿದೆ. ಸಂಜೆ ಕೆಲಸ ಮುಗಿಸಿ ಬಂದು, ಚಹಾ ಕುಡಿದು, ಒಂದು ಗಂಟೆ ಮಾತ್ರ. ದಿನಕ್ಕೆ ಒಂದು ಮೊಳ ಜಾಗ. ಮೊದಲು ವೈರ್ ಬ್ರಷ್‌ನಿಂದ ತಿಕ್ಕಿ ಹಕ್ಕಳೆ ಏಳುವ ತುಕ್ಕನ್ನೆಲ್ಲ ಉದುರಿಸಬೇಕು. ಮೂಗಿಗೆ ಮಾಸ್ಕ್ ಇಲ್ಲದಿದ್ದರೆ ಆ ಕೆಂಪು ಪುಡಿ ಮರುದಿನವೂ ಗಂಟಲಲ್ಲಿರುತ್ತದೆ. ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಎಣ್ಣೆ ಜಿಡ್ಡು ಒರೆಸಿ, ಔಷಧಿಯನ್ನು ಗೆರಟೆಗೆ ಬಗ್ಗಿಸಿಕೊಂಡು, ಹಳೇ ಬ್ರಷ್‌ನಲ್ಲಿ ತೆಳ್ಳಗೆ ಹಚ್ಚುವುದು. ಗೆರಟೆ ಯಾಕೆ ಅಂದರೆ ತುಕ್ಕು ತಾಗಿದ ಬ್ರಷ್ಷನ್ನು ಬಾಟಲಿಗೇ ಅದ್ದಬಾರದು. ಗೊತ್ತಿಲ್ಲದೆ ಅದ್ದಿದ ನನ್ನ ಮೊದಲ ಬಾಟಲಿ ವಾರದೊಳಗೆ ಕಪ್ಪು ಗಂಜಿಯಾಯಿತು. ಗೆರಟೆಯಲ್ಲಿ ಉಳಿದದ್ದನ್ನು ವಾಪಸ್ ಸುರಿಯಲೂಬಾರದು.

ಹಚ್ಚಿದ ಮೇಲೆ ನಡೆಯುವುದನ್ನು ನೋಡುವುದೇ ಒಂದು ಸುಖ. ಔಷಧಿ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಕಂದು ತುಕ್ಕಿನ ಮೇಲೆ ಬಿದ್ದ ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ನೇರಳೆ ಛಾಯೆ ಏಳುತ್ತದೆ. ಆಮೇಲೆ ನೀಲಿ, ಆಮೇಲೆ ಕಾಡಿಗೆ ಕಪ್ಪು. ಇದರಲ್ಲಿರುವ ಟ್ಯಾನಿನ್ ತುಕ್ಕಿನ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಗುಣ. ಟಾರ್ಚ್ ಹಿಡಿದು ಕಾರಿನ ಪಕ್ಕ ಮಣೆ ಹಾಕಿ ಕೂತು, ಪ್ರತಿ ದಿನ ಆ ಬಣ್ಣ ಬದಲಾಗುವುದನ್ನು ನೋಡಿದ್ದೇನೆ. ಮಾರ್ಚ್ ಮುಗಿಯುವಷ್ಟರಲ್ಲಿ ನೆಲ, ಸ್ಟೆಪ್ನಿ ಗುಂಡಿ, ಬ್ಯಾಟರಿ ಅಡಿ ಎಲ್ಲ ಒಂದೇ ಕಪ್ಪು. ಮೇಲೆ ಎರಡು ಕೋಟ್ ಎಣ್ಣೆ ಪ್ರೈಮರ್, ಪೇಂಟ್. ಸಿಕ್ಕವರಿಗೆಲ್ಲ ಈ ಔಷಧಿ ತಗೊಳ್ಳಿ ಅಂತ ಹೇಳಿಕೊಂಡು ಬಂದೆ.

ಆ ಮಾತು ಅವಸರದ್ದಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದಾಗ ಪೇಂಟಿನಲ್ಲಿ ಕಡಲೆಬೇಳೆ ಗಾತ್ರದ ಒಂದು ಗುಳ್ಳೆ ಕಂಡಿತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಅದು ತಗಡಿನೊಳಗೇ ಇಳಿದುಬಿಟ್ಟಿತು. ಸುತ್ತ ಕೆರೆದರೆ ಮೇಲೆ ಕಪ್ಪು ಪದರ, ಅದರ ಕೆಳಗೆ ಹಪ್ಪಳದ ಹಾಗೆ ಒಂದರ ಮೇಲೊಂದು ಕಂದು ಪದರ. ಬೆಳಕು ಆಚೆ ಕಡೆಯಿಂದ ಬರುತ್ತಿತ್ತು. ನನ್ನ ಮೂರು ತಿಂಗಳ ಸಂಜೆಗಳು ಅಲ್ಲಿದ್ದವು. ತುಂಬಾ ಬೇಜಾರಾಯಿತು, ಬಾಟಲಿ ಮೇಲೆ ಸಿಟ್ಟೂ ಬಂತು.

ಅದನ್ನು ಸರಿ ಮಾಡಿದ ಟಿಂಕರ್ ತಗಡಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತಿತ್ತು, ಕೊಳೆತಲ್ಲಿ ಬದ್ ಅಂತ ಸತ್ತ ಸದ್ದು. "ಬಣ್ಣ ನೋಡಿ ನಂಬಬೇಡಿ ಮಾರಾಯ್ರೆ, ಸದ್ದು ಕೇಳಿ" ಅಂದರು. ಎರಡು ತಗಡು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆದ ಸಂದು ಅದು. ಆ ಸಂದಿನೊಳಗೆ ನೀರು ಹೋಗುತ್ತದೆ, ಈ ಔಷಧಿ ಹೋಗುವುದಿಲ್ಲ. ಮೇಲೆ ಕಪ್ಪಗೆ ಪದರ ಕಟ್ಟಿ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ. ಈ ಔಷಧಿಯ ದೊಡ್ಡ ದೋಷ ಇದೇ. ಬಾಟಲಿ ಮೇಲೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇದ್ದಿದ್ದರೆ ನಾನು ಮೊದಲು ಸುತ್ತಿಗೆ ಹಿಡಿಯುತ್ತಿದ್ದೆ.

ನೀರು ಬರುತ್ತಿದ್ದದ್ದು ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಲ್ಲಿಂದ. ಡ್ಯಾಶ್‌ಬೋರ್ಡ್ ಹಿಂದೆ ಹನಿಹನಿಯಾಗಿ ಇಳಿದು ಮ್ಯಾಟ್ ಅಡಿಯ ಸೆಣಬಿನಲ್ಲಿ ನಿಲ್ಲುತ್ತಿತ್ತು. ಒದ್ದೆ ಸೆಣಬನ್ನು ತಗಡಿನ ಮೇಲೆ ಹಾಸಿಟ್ಟರೆ ಯಾವ ಔಷಧಿ ತಾಳುತ್ತದೆ? ಹೊಸ ಬೀಡಿಂಗ್ ಹಾಕಿಸಿದೆ, ಸೆಣಬು ಕಿತ್ತು ಎಸೆದೆ. ಕೊಳೆತ ಭಾಗ ಕತ್ತರಿಸಿ 18 ಗೇಜ್ ತಗಡು ವೆಲ್ಡ್ ಮಾಡಿಸಿದೆ.

ಮತ್ತೆ ಅದೇ ಔಷಧಿ ತಂದೆಯಾ ಅಂತ ಕೇಳಿದರೆ, ಹೌದು. ಯಾಕೆಂದರೆ ಸಂದಿಲ್ಲದ ಕಡೆ ಇದರ ಕೆಲಸ ನಿಜವಾಗಿಯೂ ಚೆನ್ನಾಗಿದೆ. ಸ್ಟೆಪ್ನಿ ಗುಂಡಿ, ಸೀಟಿನ ಫ್ರೇಮ್, ಬ್ಯಾಟರಿ ಅಡಿ, ಮೂರೂ ಕಡೆ ಮೂರನೇ ಮಳೆಗಾಲ ಮುಗಿದರೂ ಒಂದು ಗುಳ್ಳೆ ಇಲ್ಲ. ತಟ್ಟಿದರೆ ಠಣ್ ಅನ್ನುತ್ತದೆ. ಅರ್ಧ ಲೀಟರ್‌ಗೆ ಕೊಟ್ಟ 450 ರೂಪಾಯಿಗೆ ಅಷ್ಟು ಜಾಗ ಉಳಿದದ್ದು ನನಗೆ ಲಾಭವೇ. ಆದರೆ ಮಳೆಗಾಲದಲ್ಲಿ ಮಾತ್ರ ಹಚ್ಚಬೇಡಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗುವುದು ಜುಲೈನಲ್ಲಿ ಮೂರನೇ ದಿನವೂ ಬೆರಳಿಗೆ ಅಂಟುತ್ತಿತ್ತು. ಹೊಳೆಯುವ ಹೊಸ ತಗಡಿಗೂ ಸುಮ್ನೆ ಹಚ್ಚಬೇಡಿ. ಅದಕ್ಕೆ ಹಿಡಿಯಲು ತುಕ್ಕೇ ಬೇಕು, ಹೊಸ ತಗಡಿಗೆ ಪ್ರೈಮರ್ ಸಾಕು. ನೆಲಕ್ಕೆ ಹಚ್ಚುವ ಮುಂಚೆ ಮ್ಯಾಟ್ ತೆಗೆದು ಒಂದು ಬಕೆಟ್ ನೀರನ್ನು ಗಾಜಿನ ಮೇಲೆ ಸುರಿದು ನೋಡಿ. ಒಳಗೆ ಎಲ್ಲಿ ಹನಿಯುತ್ತದೋ ಅದನ್ನು ಮೊದಲು ನಿಲ್ಲಿಸಿ.

ಬಾಗಿಲುಗಳ ಅಡಿಯಲ್ಲಿ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿದರೆ ಬಾಗಿಲೊಳಗೆ ಬಿಂದಿಗೆಯ ಹಾಗೆ ನೀರು ತುಂಬಿಕೊಳ್ಳುತ್ತದೆ. ಈಗ ಮಳೆ ನಿಂತ ಪ್ರತಿ ಭಾನುವಾರ ಬೆಳಿಗ್ಗೆ ಚೋಕ್ ಎಳೆದು ಕಾರು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುವವರೆಗೆ ತೆಂಗಿನ ಗರಿಯ ಕಡ್ಡಿಯಿಂದ ಆ ತೂತುಗಳನ್ನು ಚುಚ್ಚಿ ಬಿಡಿಸುತ್ತೇನೆ. ಹಿಂದಿನ ಎಡ ಬಾಗಿಲಿನಿಂದ ಕಳೆದ ವಾರವೂ ಕೆಂಪು ನೀರು ಇಳಿಯಿತು. ಜನವರಿಯಲ್ಲಿ ಅದನ್ನು ಬಿಚ್ಚಬೇಕು. ಬಾಟಲಿಯಲ್ಲಿ ಇನ್ನೂ ಅರ್ಧ ಇದೆ.