ಟ್ರ್ಯಾಕ್ ಡೇಗೆ ಹೊರಡುವ ಮುನ್ನ ಬ್ರೇಕ್ ಫ್ಲೂಯಿಡ್ ನಿಮ್ಮ ಕಣ್ಣೆದುರೇ ಬದಲಾಗಲಿ

ಕಳೆದ ಫೆಬ್ರುವರಿಯಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ, ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಸಿಗುವ ದಿನವಾದ ಟ್ರ್ಯಾಕ್ ಡೇಗೆ ಮೊದಲ ಸಲ ಹೋಗಿದ್ದ ನಾನು ನಾಲ್ಕನೆಯ ಸುತ್ತಿನಲ್ಲಿ, ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿದ್ದಾಗ ನನ್ನ ಕಾರಿನ ಬ್ರೇಕ್ ಪೆಡಲ್ ಸ್ವಲ್ಪವೂ ಎದುರು ಒತ್ತದೆ ನೆಲಕ್ಕೆ ಹೋಗಿ ಕುಳಿತಿತು. ಎರಡು ಸಲ ಬೇಗಬೇಗ ತುಳಿದು, ಗೇರ್ ಇಳಿಸಿ ವೇಗವನ್ನು ಒಂದಷ್ಟು ತಗ್ಗಿಸಿದೆನಾದರೂ ತಿರುವು ಸಿಗಲಿಲ್ಲ. ಕಾರು ಹುಲ್ಲಿನ ಮೇಲೆ ಜಾರುತ್ತಾ ಹೋಗಿ ಟೈರ್ ಗೋಡೆಗೆ ಎಡಗಡೆಯಿಂದ ಬಡಿಯಿತು. ನನಗೆ ಭುಜದ ನೋವಿನ ಹೊರತು ಬೇರೇನೂ ಆಗಲಿಲ್ಲ. ಬೆಂಗಳೂರಿನಿಂದ ಇದೇ ರೀತಿ ಸ್ವಂತ ಕಾರನ್ನು ಓಡಿಸಿಕೊಂಡು ಹೋಗಿ ಟ್ರ್ಯಾಕಿಗೆ ಇಳಿಯುವವರ ಸಂಖ್ಯೆ ಹೆಚ್ಚುತ್ತಿರುವುದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎರಡನೆಯ ಕೈಯಿಂದ ಕೊಂಡದ್ದು. ಟ್ರ್ಯಾಕ್ ಡೇಗೆ ಹೆಸರು ನೋಂದಾಯಿಸಿದ ಮೇಲೆ ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದು ಅಲಾಯ್ ವೀಲ್, ಹೊಸ ಟೈರ್, ಏರ್ ಫಿಲ್ಟರ್ ಎಲ್ಲವನ್ನೂ ಹೊಂದಿಸಿಕೊಂಡೆ. ಬ್ರೇಕಿನ ಕೆಲಸವನ್ನು ನಮ್ಮ ಬಡಾವಣೆಯ ಗ್ಯಾರೇಜಿಗೆ ಒಪ್ಪಿಸಿ, ಪ್ಯಾಡ್ ಹೊಸದಾಗಬೇಕು, ಪೆಡಲ್ ತುಳಿದ ಬಲವನ್ನು ಚಕ್ರದವರೆಗೆ ಒಯ್ಯುವ ದ್ರವವಾದ ಫ್ಲೂಯಿಡ್ ಪೂರ್ತಿ ಬದಲಾಗಬೇಕು ಎಂದು ಸ್ಪಷ್ಟವಾಗಿ ಹೇಳಿ ಬಂದೆ. ಸಂಜೆ ಕೊಟ್ಟ ಬಿಲ್ಲಿನಲ್ಲಿ ಎರಡೂ ಇದ್ದವು. ಬಾನೆಟ್ ಎತ್ತಿ ನೋಡಿದಾಗ ಡಬ್ಬಿಯಲ್ಲಿದ್ದ ದ್ರವ ತಿಳಿಹಳದಿ ಬಣ್ಣದಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಅಷ್ಟನ್ನು ನೋಡಿ ನಂಬಿದ್ದೇ ನಾನು ಮಾಡಿದ ತಪ್ಪು.

ಫ್ಲೂಯಿಡ್ ಹಳೆಯದಾಗಿದ್ದರೂ ನಗರದಲ್ಲಿ ಓಡಿಸುವಾಗ ಆ ದೋಷ ಗೊತ್ತಾಗುವುದೇ ಇಲ್ಲ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಗಂಟೆಗಟ್ಟಲೆ ಬ್ರೇಕ್ ತುಳಿದರೂ ಚಕ್ರದೊಂದಿಗೆ ತಿರುಗುವ ಬ್ರೇಕ್ ಡಿಸ್ಕ್ ಹೆಚ್ಚು ಕಾಯುವುದಿಲ್ಲ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 40 ಕಿ.ಮೀ. ವೇಗದಿಂದ ಕಾರನ್ನು ಪೂರ್ತಿ ನಿಲ್ಲಿಸುವಾಗ ಹುಟ್ಟುವ ಶಾಖಕ್ಕಿಂತ 130ರಿಂದ 60ಕ್ಕೆ ಇಳಿಸುವಾಗ ಹುಟ್ಟುವ ಶಾಖ ಎಂಟು ಪಟ್ಟಿಗೂ ಹೆಚ್ಚು. ಸುಮಾರು 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನ ಒಂದೊಂದು ಸುತ್ತಿನಲ್ಲೂ ಇಂಥ ಬ್ರೇಕಿಂಗ್ ಹಲವು ಸಲ ಬರುತ್ತದೆ, ನಡುವೆ ತಣಿಯಲು ಸಿಗುವುದು ಕೆಲವೇ ಸೆಕೆಂಡು. ಆ ಶಾಖ ಪ್ಯಾಡಿನಿಂದ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಕ್ಯಾಲಿಪರಿನಿಂದ ಅದರೊಳಗಿನ ದ್ರವಕ್ಕೆ ಇಳಿಯುತ್ತದೆ.

ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳಿಗೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ರಬ್ಬರ್ ಹೋಸುಗಳ ಮೂಲಕವೂ ತೇವ ನಿಧಾನವಾಗಿ ಒಳಗೆ ಸೇರುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಆದರೆ ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆದ್ದರಿಂದ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿದುಹೋಗಿ ಚಕ್ರದವರೆಗೆ ತಲುಪುವುದೇ ಇಲ್ಲ.

ಇದಕ್ಕೆ ಮುನ್ಸೂಚನೆ ಇತ್ತು ಎಂಬುದನ್ನೂ ಹೇಳಲೇಬೇಕು. ಮೂರನೆಯ ಸುತ್ತಿನ ಕೊನೆಯಲ್ಲಿ ಪೆಡಲ್ ಎಂದಿಗಿಂತ ಒಂದು ಬೆರಳಿನಷ್ಟು ಹೆಚ್ಚು ಕೆಳಗೆ ಹೋಗಿ, ಸ್ಪಂಜನ್ನು ತುಳಿದಂತೆ ಮೆತ್ತಗಾಗಿತ್ತು. ಹೊಸ ಪ್ಯಾಡ್ ಇನ್ನೂ ಡಿಸ್ಕಿನೊಂದಿಗೆ ಕೂಡಿಕೊಳ್ಳುತ್ತಿರಬಹುದೆಂದು ಭಾವಿಸಿ ಮುಂದೆ ಹೋದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಪ್ಯಾಡ್ ಕಾದಿರುವ ಲಕ್ಷಣ, ಪೆಡಲ್ಲೇ ಮೆತ್ತಗಾದರೆ ದ್ರವ ಕುದಿಯುತ್ತಿರುವ ಲಕ್ಷಣ. ಎರಡರಲ್ಲಿ ಯಾವುದು ಕಂಡರೂ ಕೂಡಲೇ ವೇಗ ಇಳಿಸಿ, ಹಿಂದಿನವರಿಗೆ ದಾರಿ ಬಿಟ್ಟು, ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ, ಬನ್ನಿ.

ಕಾರನ್ನು ಫ್ಲಾಟ್‌ಬೆಡ್ ಲಾರಿಯಲ್ಲಿ ಬೆಂಗಳೂರಿಗೆ ತಂದೆವು. ಗ್ಯಾರೇಜಿನವರು ಪೆಡಲ್ ತುಳಿದು ನೋಡಿ, ಬ್ರೇಕ್ ಚೆನ್ನಾಗಿಯೇ ಇದೆ, ನೀವು ತಡವಾಗಿ ತುಳಿದಿದ್ದೀರಿ ಎಂದರು. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಬಹುಮಟ್ಟಿಗೆ ಮೊದಲಿನಂತಾಗುವುದರಿಂದ ಆ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇರಲಿಲ್ಲ. ಬೇರೊಬ್ಬ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿನ ಬೆನ್ನಿಗಿರುವ, ಹಳೆಯ ದ್ರವವನ್ನು ಹೊರಬಿಡುವ ಬ್ಲೀಡರ್ ನಿಪ್ಪಲ್ ತೋರಿಸಿದಾಗ ವಿಷಯ ತಿಳಿಯಿತು. ಅದರ ರಬ್ಬರ್ ಮುಚ್ಚಳದ ಮೇಲೆ ವರ್ಷಗಳ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಅಂಚುಗಳಲ್ಲಿ ತುಕ್ಕಿತ್ತು, ಸ್ಪ್ಯಾನರ್ ತಗುಲಿದ ಒಂದು ಗೆರೆಯೂ ಇರಲಿಲ್ಲ. ಮುಂದಿನ ಕ್ಯಾಲಿಪರಿನ ನಿಪ್ಪಲ್ ತೆರೆದಾಗ ಪಾರದರ್ಶಕ ಪೈಪಿನಲ್ಲಿ ಇಳಿದದ್ದು ಹಾಲಿಲ್ಲದ ಕಾಫಿಯಂಥ ಕಂದು ದ್ರವ. ಮೇಲಿನ ಡಬ್ಬಿಯಲ್ಲಿದ್ದ ಹಳೆಯದನ್ನು ಸಿರಿಂಜಿನಿಂದ ಎಳೆದು ಹೊಸದನ್ನು ಸುರಿದಿದ್ದರು, ಅಷ್ಟೆ. ನಾಲ್ಕೂ ಚಕ್ರಗಳ ಬಳಿ ಹಳೆಯದೇ ಉಳಿದಿತ್ತು. ಕಾರು ನಿಲ್ಲುವುದನ್ನೇ ನಂಬಿ ಕೂರುವ ಮನುಷ್ಯನ ವಿಷಯದಲ್ಲಿ ಹೀಗೆ ಮಾಡಿದ್ದನ್ನು ನನಗೆ ಇಂದಿಗೂ ಕ್ಷಮಿಸಲು ಆಗಿಲ್ಲ.

ವಿಮೆಯಿಂದ ಒಂದು ರೂಪಾಯಿಯೂ ಸಿಗಲಿಲ್ಲ. ನಮ್ಮ ದೇಶದ ಕಾರು ವಿಮೆಯ ಪಾಲಿಸಿಯಲ್ಲಿ ಬಳಕೆಯ ಮಿತಿಗಳು ಎಂಬ ಭಾಗವಿರುತ್ತದೆ, ಆಯೋಜಿತ ರೇಸಿಂಗ್, ವೇಗ ಪರೀಕ್ಷೆ ಮೊದಲಾದವನ್ನು ಅಲ್ಲಿ ಹೊರಗಿಟ್ಟಿರುತ್ತಾರೆ. ರಸ್ತೆಯಲ್ಲಿ ಆಯಿತೆಂದು ಹೇಳಿಬಿಡು ಎಂದು ಕೆಲವರು ಸಲಹೆ ಕೊಟ್ಟರು. ಸುಳ್ಳು ಕ್ಲೇಮ್ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ದುರಸ್ತಿ ಮತ್ತು ಲಾರಿ ಬಾಡಿಗೆ ಸೇರಿ 1,34,000 ರೂಪಾಯಿ ಕೈಯಿಂದ ಹೋಯಿತು.

ಆದ್ದರಿಂದ ಫ್ಲೂಯಿಡ್ ಬದಲಿಸುವಾಗ ಪಕ್ಕದಲ್ಲೇ ನಿಲ್ಲಿ. ಸೀಲ್ ಒಡೆಯದ ಬಾಟಲಿಯನ್ನು ನೀವೇ ಕೊಂಡು ಹೋಗಿ, ಏಕೆಂದರೆ ತೆರೆದಿಟ್ಟ ಬಾಟಲಿಯೂ ತೇವ ಹೀರುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿರುವ ದರ್ಜೆಯನ್ನೇ ನೋಡಿಕೊಳ್ಳಿ. ಸಿಲಿಕೋನ್ ಆಧಾರದ ಡಾಟ್ 5 ಬೇರೆಯೇ ಪದಾರ್ಥವಾಗಿದ್ದು, ಡಾಟ್ 4 ಇರುವ ಕಾರಿಗೆ ಅದನ್ನು ಬೆರೆಸಕೂಡದು. ನಾಲ್ಕೂ ನಿಪ್ಪಲ್‌ಗಳಿಂದ ತಿಳಿಯಾದ ದ್ರವ ಗುಳ್ಳೆಯಿಲ್ಲದೆ ಬರುವವರೆಗೆ ಬಿಡಿಸಿ, ಹೊರತೆಗೆದ ಹಳೆಯ ದ್ರವವನ್ನು ತೋರಿಸಲು ಕೇಳಿ. ಹೊಸ ಪ್ಯಾಡುಗಳನ್ನು ಟ್ರ್ಯಾಕಿಗೆ ಮೊದಲೇ ಕೆಲವು ದಿನ ರಸ್ತೆಯಲ್ಲಿ ಓಡಿಸಿ ಕೂಡಿಸಿಕೊಳ್ಳಿ.

ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತಿಗಿಂತ ಹೆಚ್ಚು ಒಂದೇ ಸಮನೆ ಓಡಿಸಬೇಡಿ, ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಂತೆ ನಿಧಾನವಾಗಿ ಮುಗಿಸಿ. ಪಿಟ್‌ಗೆ ಬಂದ ಮೇಲೆ ಕಾದ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡನ್ನು ಅಡ್ಡ ಇಡಿ.