ನಡುವೆ ಕತ್ತರಿಸಿದ ಕೀರ್ತನೆ ಪುಸ್ತಕ ಮತ್ತು ಸಂತೆಪೇಟೆಯ ಬೈಂಡಿಂಗ್ ಅಂಗಡಿ

ಹಾಸನದಲ್ಲಿ ಹಳೇ ಪುಸ್ತಕಕ್ಕೆ ಕೈಹೊಲಿಗೆ ಹಾಕಿ ಬೈಂಡ್ ಮಾಡಿಕೊಡುವವರನ್ನು ಹುಡುಕಿ ಎರಡು ವಾರ ಅಲೆದಿದ್ದೇನೆ. ಕೊನೆಗೆ ಸಿಕ್ಕಿದ್ದು ಸಂತೆಪೇಟೆ ಕಡೆಯ ಒಂದು ಸಂದಿಯಲ್ಲಿ. ಹಿಟ್ಟಿನ ಗಿರಣಿ ದಾಟಿದರೆ ಎಡಗಡೆ, ಬೋರ್ಡಿಲ್ಲದ ಅಂಗಡಿ. ಬಾಗಿಲ ಪಕ್ಕದಲ್ಲೇ ಸೊಸೈಟಿಯ ಲೆಡ್ಜರ್‌ಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಕಲ್ಲು ಹೇರಿಟ್ಟಿರುತ್ತಾರೆ. ಅದೇ ಗುರುತು. ಎಪ್ಪತ್ತರ ಹತ್ತಿರದ ಯಜಮಾನರು, ಜೊತೆಗೆ ಅವರ ಮೊಮ್ಮಗ. ಅಷ್ಟೇ ಜನ.

ಅವರು ಮಾಡಿದ ಕೆಲಸ ಎಷ್ಟು ನಾಜೂಕಿನದು ಅಂತ ತಿಳಿಯಬೇಕಾದರೆ ನನ್ನ ಪುಸ್ತಕದ ವಿಷಯ ಮೊದಲು ಹೇಳಬೇಕು.

2023ರ ನವೆಂಬರಿನಲ್ಲಿ ಮಗಳ ಬಾಣಂತನಕ್ಕೆ ಅಂತ ಸ್ಕಾಟ್ಲೆಂಡಿಗೆ ಹೋಗಿದ್ದೆ. ಅವಳು ಅಲ್ಲಿ ನರ್ಸು. ಊರು ಸ್ಟಾರ್ನೋವೇ, ಲೂಯಿಸ್ ಅನ್ನುವ ದ್ವೀಪದಲ್ಲಿದೆ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲು. ಗಾಳಿಯಂತೂ ನಮ್ಮ ಸಕಲೇಶಪುರದ ಆಷಾಢಕ್ಕಿಂತ ಜಾಸ್ತಿ. ಪಕ್ಕದ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಒಂದು ಭಾನುವಾರ ನನ್ನನ್ನು ತಮ್ಮ ಸಭೆಗೆ ಕರೆದುಕೊಂಡು ಹೋದರು. ಸಭೆಯ ಹೆಸರು ಫ್ರೀ ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ಸ್ಕಾಟ್ಲೆಂಡ್. ತೀರಾ ಚಿಕ್ಕ ಸಭೆ.

ಒಳಗೆ ಶಿಲುಬೆ ಇಲ್ಲ, ಮೇಣದಬತ್ತಿ ಇಲ್ಲ, ಆರ್ಗನ್ನೂ ಇಲ್ಲ. ನಡುವೆ ಎತ್ತರದ ಪ್ರಸಂಗ ಪೀಠ, ಅದರ ಕೆಳಗೆ ಒಬ್ಬರು ಕೂತಿರುತ್ತಾರೆ. ಹಾಡು ಎತ್ತಿಕೊಡುವುದು ಅವರ ಕೆಲಸ. ಹೆಂಗಸರೆಲ್ಲ ಟೋಪಿ ಹಾಕಿದ್ದರು. ನಾನು ತಲೆ ಮೇಲೆ ಸೆರಗು ಹೊದ್ದುಕೊಂಡೆ. ನಾನು ಹುಟ್ಟಿ ಬೆಳೆದದ್ದು ಇಲ್ಲಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಹಳೇ ಮೈಸೂರಿನ ವೆಸ್ಲಿಯನ್ ಮಿಷನ್ನಿನ ಕಡೆಯಿಂದ ಬಂದವರು ನಾವು, ಹಾರ್ಮೋನಿಯಂ ಇಲ್ಲದ ಆರಾಧನೆಯನ್ನು ಕಂಡೇ ಇರಲಿಲ್ಲ. ನಮ್ಮಲ್ಲಿ ಹಾಡಿಗೆ ಏಳುತ್ತೇವೆ. ಅಲ್ಲಿ ಕೂತು ಹಾಡುತ್ತಾರೆ, ಪ್ರಾರ್ಥನೆಗೆ ನಿಲ್ಲುತ್ತಾರೆ. ಹಾಡು ಶುರುವಾದಾಗ ಎದ್ದ ನನ್ನ ಕೈ ಹಿಡಿದು ಅಜ್ಜಿ ಮೆಲ್ಲಗೆ ಕೂರಿಸಿಕೊಂಡರು.

ಹಾಡುವುದು ಕೀರ್ತನೆಗಳನ್ನು ಮಾತ್ರ. ಬೈಬಲಿನ 150 ಕೀರ್ತನೆಗಳು ಬಿಟ್ಟರೆ ಮನುಷ್ಯರು ಬರೆದ ಬೇರೆ ಯಾವ ಹಾಡಿಗೂ ಆರಾಧನೆಯಲ್ಲಿ ಜಾಗವಿಲ್ಲ. ದೇವರ ಮಾತು ಹೇಳದ್ದನ್ನು ಆರಾಧನೆಗೆ ಸೇರಿಸಬಾರದು ಅನ್ನುವುದು ಅವರ ನಂಬಿಕೆ. ಅದಕ್ಕೇ ವಾದ್ಯವೂ ಇಲ್ಲ, ಕ್ರಿಸ್‌ಮಸ್ ಆಚರಣೆಯೂ ಇಲ್ಲ. ಕ್ರಿಸ್‌ಮಸ್ ಇಲ್ಲದ ಡಿಸೆಂಬರ್ ನನಗೆ ಕಷ್ಟವಾಯಿತು, ನಿಜ. ಆದರೆ ಯಾವ ವಾದ್ಯದ ಆಸರೆಯೂ ಇಲ್ಲದೆ ಆ ವಯಸ್ಸಾದವರೆಲ್ಲ ಸೇರಿ ದನಿ ಎತ್ತಿದಾಗ ನನ್ನ ಮೈ ಜುಮ್ಮೆಂದಿತು. ಗೇಲಿಕ್ ಭಾಷೆಯ ಹಾಡಿಕೆಯಂತೂ ಇನ್ನೂ ಬೇರೆ. ಮುಂದಿನವರು ಒಂದು ಸಾಲು ಎತ್ತಿಕೊಡುತ್ತಾರೆ, ಸಭೆ ಅದನ್ನು ಹಿಡಿದು ಎಳೆದು, ಒಬ್ಬೊಬ್ಬರೂ ತಮ್ಮದೇ ಗಮಕ ಸೇರಿಸಿ ಹಾಡುತ್ತದೆ. ನಮ್ಮ ಭಜನೆಯಲ್ಲಿ ಹೇಳಿಕೊಟ್ಟದ್ದನ್ನು ಹಿಂದೆ ಹೇಳುತ್ತೇವಲ್ಲ, ಹಾಗೆ. ಹಿಂದೆ ಎಷ್ಟೋ ಜನಕ್ಕೆ ಓದು ಬರುತ್ತಿರಲಿಲ್ಲ, ಪುಸ್ತಕವೂ ಇರಲಿಲ್ಲ. ಆಗ ಬಂದ ಪದ್ಧತಿ ಇದು.

ಈ ಸಭೆ ಹುಟ್ಟಿದ್ದರ ಹಿಂದೆ ಎರಡು ಒಡಕುಗಳಿವೆ. ಊರಿನ ಜಮೀನ್ದಾರ ತನಗೆ ಬೇಕಾದ ಪಾದ್ರಿಯನ್ನು ಸಭೆಯ ಮೇಲೆ ಹೇರಬಹುದು ಅನ್ನುವ ಪದ್ಧತಿಯ ವಿರುದ್ಧ 1843ರ ಮೇ 18ರಂದು ಎಡಿನ್‌ಬರೋದಲ್ಲಿ ಪಾದ್ರಿಗಳು ಚರ್ಚ್ ಆಫ್ ಸ್ಕಾಟ್ಲೆಂಡ್ ಬಿಟ್ಟು ಎದ್ದು ಹೊರಟರು. ಆ ಸಲ ಬಿಟ್ಟುಬಂದವರು 474 ಜನ. ಮನೆ, ಸಂಬಳ, ಚರ್ಚು ಎಲ್ಲ ಬಿಟ್ಟು ಬಂದು ಫ್ರೀ ಚರ್ಚ್ ಕಟ್ಟಿದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಫ್ರೀ ಚರ್ಚ್, ಪಾದ್ರಿಗಳು ವೆಸ್ಟ್‌ಮಿನ್‌ಸ್ಟರ್ ವಿಶ್ವಾಸದ ಅರಿಕೆಗೆ, ಅಂದರೆ ಸಭೆ ನಂಬುವುದೇನು ಅಂತ ಬರೆದಿಟ್ಟ ಪತ್ರಕ್ಕೆ, ಪೂರ್ತಿ ಬದ್ಧರಾಗಿರಬೇಕು ಅನ್ನುವ ಕಟ್ಟನ್ನು 1892ರಲ್ಲಿ ಸಡಿಲ ಮಾಡಿತು. ಅದನ್ನು ಒಪ್ಪದೆ 1893ರಲ್ಲಿ ರಾಸೇ ದ್ವೀಪದ ಡೊನಾಲ್ಡ್ ಮ್ಯಾಕ್‌ಫಾರ್ಲೇನ್ ಮತ್ತು ಶೀಲ್ಡೇಗ್ ಊರಿನ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೊರಬಂದರು. ಇಬ್ಬರೇ ಪಾದ್ರಿಗಳು. ಅಜ್ಜಿಯ ಸಭೆ ಶುರುವಾದದ್ದು ಅಲ್ಲಿಂದ. 1989ರಲ್ಲಿ ಇದೂ ಒಡೆಯಿತು. ಆ ದೇಶದ ನ್ಯಾಯಾಂಗದ ದೊಡ್ಡ ಹುದ್ದೆಯಾದ ಲಾರ್ಡ್ ಚಾನ್ಸಲರ್ ಆಗಿದ್ದ ಲಾರ್ಡ್ ಮ್ಯಾಕೇ ಆಗ ಈ ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದರು. ತೀರಿಹೋದ ಕ್ಯಾಥೊಲಿಕ್ ಸಹೋದ್ಯೋಗಿಗಳ ಪೂಜೆಗೆ ಹೋದರು ಅಂತ ಅವರ ಮೇಲೆ ಶಿಸ್ತಿನ ಕ್ರಮ ಆಯಿತು, ಅದನ್ನು ಸಹಿಸದ ಒಂದಷ್ಟು ಜನ ಬೇರೆಯಾದರು. 1947ರ ಸೆಪ್ಟೆಂಬರ್ 27ರಂದು ನಾಕಾರು ಕಡೆಯವರು ಕೂಡಿ ಕಟ್ಟಿದ ಸಭೆಯಲ್ಲಿ ಬೆಳೆದ ನನಗೆ ಇದನ್ನು ಕೇಳಿ ಸಂಕಟವಾಯಿತು. ಅಜ್ಜಿಗೂ ಹಾಗೇ ಹೇಳಿದೆ. ಅವರು ನನ್ನ ಮಾತಿಗೆ ಬೇಜಾರು ಮಾಡಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ.

ಹೊರಡುವ ಹಿಂದಿನ ದಿನ ಅಜ್ಜಿ ತಮ್ಮ ಕೀರ್ತನೆ ಪುಸ್ತಕವನ್ನೇ ನನ್ನ ಕೈಗಿಟ್ಟರು. ಅಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ಬರೆದ ಗುರುತುಗಳಿವೆ.

ಆ ಪುಸ್ತಕ ನೋಡಿದವರೆಲ್ಲ ಮೊದಲು ಹರಿದಿದೆ ಅಂದುಕೊಳ್ಳುತ್ತಾರೆ. ಪ್ರತಿ ಹಾಳೆಯನ್ನೂ ನಡುವೆ ಅಡ್ಡಲಾಗಿ ಬೆನ್ನಿನ ತನಕ ಕತ್ತರಿಸಿರುತ್ತಾರೆ. ಮೇಲಿನ ಅರ್ಧದಲ್ಲಿ ರಾಗ, ಕೆಳಗಿನ ಅರ್ಧದಲ್ಲಿ ಪದ್ಯ. ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು. ಯಾಕೆ ಅಂದರೆ 1650ರಲ್ಲಿ ಬಳಕೆಗೆ ಬಂದ ಈ ಕೀರ್ತನೆ ಪದ್ಯಗಳಲ್ಲಿ ಹೆಚ್ಚಿನವು ಒಂದೇ ಅಳತೆಯವು. ನಾಲ್ಕು ಸಾಲು, ಸಾಲಿಗೆ ಉಚ್ಚಾರದ ಲೆಕ್ಕ 8, 6, 8, 6. ಅಳತೆ ಒಂದೇ ಆದ್ದರಿಂದ ಯಾವ ಪದ್ಯವನ್ನಾದರೂ ಆ ಅಳತೆಯ ಯಾವ ರಾಗಕ್ಕಾದರೂ ಕೂರಿಸಬಹುದು. ಭಾಮಿನಿ ಷಟ್ಪದಿಯನ್ನು ಗಮಕಿಗಳು ಸಂದರ್ಭ ನೋಡಿ ರಾಗ ಬದಲಾಯಿಸುತ್ತಾ ಹಾಡುತ್ತಾರಲ್ಲ, ಅದೇ ಲೆಕ್ಕ. ದುಃಖದ ಕೀರ್ತನೆಗೆ ಮೇಲಿನ ಅರ್ಧದಲ್ಲಿ ಒಂದು ರಾಗ ತೆರೆದುಕೊಂಡರೆ, ಸ್ತೋತ್ರದ ಕೀರ್ತನೆಗೆ ಇನ್ನೊಂದು.

ನನ್ನ ಪ್ರತಿಯಲ್ಲಿ ರಾಗಗಳು ಸೋಲ್‌ಫಾ ಅಕ್ಷರಗಳಲ್ಲಿವೆ. ನಮ್ಮ ಸರಿಗಮದ ಹಾಗೇ: ಡ, ರ, ಮ, ಫ, ಸ, ಲ, ಟ. ಅವರ ‘ಮ’ ನಮ್ಮ ಗಾಂಧಾರ, ಅವರ ‘ಸ’ ನಮ್ಮ ಪಂಚಮ. ಇಷ್ಟು ಹೊಂದಿಸಿಕೊಂಡರೆ ಸಾಕು, ಹಾಡಿಕೊಳ್ಳಬಹುದು. ಮಾರ್ಟರ್‌ಡಮ್ ಅಂತ ಒಂದು ರಾಗವಿದೆ. ಶೂ ಹೊಲಿಯುವ ಕಸುಬು ಕಲಿತಿದ್ದ ಹ್ಯೂ ವಿಲ್ಸನ್ ಅನ್ನುವವರದು. ಅದು ನನ್ನ ಕಿವಿಗೆ ಮೋಹನದ ಹತ್ತಿರ ಕೇಳುತ್ತದೆ. ಅಜ್ಜಿ ಅತಿ ಹೆಚ್ಚು ಪೆನ್ಸಿಲ್ ಗುರುತು ಹಾಕಿದ್ದು ಆ ಹಾಳೆಗೇ.

ಊರಿಗೆ ಬಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆನ್ನು ಬಿಟ್ಟುಕೊಂಡಿತು. ಮೊದಲು ಕೊಟ್ಟ ಅಂಗಡಿಯವರು ನಾನು ಹೇಳುವುದನ್ನು ಕೇಳಿಸಿಕೊಳ್ಳದೆ ಮೂರು ಹಾಳೆಗಳ ಕತ್ತರಿಸಿದ ಜಾಗಕ್ಕೆ ಟೇಪ್ ಅಂಟಿಸಿಬಿಟ್ಟರು. ಪುಸ್ತಕ ಕಿತ್ತುಕೊಂಡು ಬಂದೆ. ಮನೆಗೆ ಬಂದು ಅತ್ತಿದ್ದೂ ಉಂಟು.

ಸಂತೆಪೇಟೆಯ ಯಜಮಾನರೂ ಮೊದಲು ಅದನ್ನೇ ಕೇಳಿದರು. “ಟೀಚರಮ್ಮ, ಇದು ಹರಿದಿರೋದಾ, ಹರಿದಿಟ್ಟಿರೋದಾ?” ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು, ಮೇಲೆ ಒಂದು ರಾಗ ಕೆಳಗೆ ಒಂದು ಪದ್ಯ ತೆರೆದು ಎರಡು ಸಾಲು ಹಾಡಿ ತೋರಿಸಿದೆ. ಆಮೇಲೆ ರಾಗದ ಹಾಳೆ ಮಾತ್ರ ತಿರುಗಿಸಿ ಅದೇ ಸಾಲು ಇನ್ನೊಂದು ಧಾಟಿಯಲ್ಲಿ. ಅವರು ಕನ್ನಡಕ ಹಣೆಗೇರಿಸಿ, “ಹಂಗಾದ್ರೆ ಇದು ಎರಡು ಪುಸ್ತಕ. ಬೆನ್ನು ಮಾತ್ರ ಒಂದು” ಅಂದರು. ನನಗೆ ಅಷ್ಟು ಸಾಕಾಯಿತು. ಪುಸ್ತಕ ಅಲ್ಲೇ ಬಿಟ್ಟು ಬಂದೆ.

ಮಾಡಿದ್ದು ಹೀಗೆ. ಹಳೇ ಅಂಟನ್ನು ಒದ್ದೆ ಬಟ್ಟೆ ಇಟ್ಟು ಮೆತ್ತಗೆ ಮಾಡಿ ತೆಗೆದರು. ಟೇಪ್ ಬಿಡಿಸುವಾಗ ಒಂದು ಹಾಳೆಯಲ್ಲಿ ಎರಡು ಅಕ್ಷರ ಹೋಯಿತು, ಅದನ್ನು ಅವರೇ ಮೊದಲು ಹೇಳಿದರು. ಮೇಲಿನ ಅರ್ಧಕ್ಕೆ ಮೂರು ತೂತು, ಕೆಳಗಿನ ಅರ್ಧಕ್ಕೆ ಮೂರು ತೂತು, ಎರಡಕ್ಕೂ ಬೇರೆ ಬೇರೆ ನೂಲು. ಒಂದೇ ನೂಲು ಎಳೆದಿದ್ದರೆ ಕೆಳಗಿನ ಹಾಳೆ ತಿರುಗಿಸುವಾಗ ಮೇಲಿನದೂ ಏಳುತ್ತಿತ್ತಂತೆ. ಅಂಟಿಗೆ ಮೈದಾ ಕುದಿಸಿ ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಹುಳ ಹಿಡಿಯಬಾರದು ಅಂತ. ಅಂಚನ್ನು ಕಟಿಂಗ್ ಮೆಷಿನ್ನಿಗೆ ಕೊಡಬೇಡಿ, ಪೆನ್ಸಿಲ್ ಗುರುತು ಹೋಗುತ್ತವೆ ಅಂತ ಕೇಳಿಕೊಂಡಿದ್ದೆ. ಹಾಗೇ ಉಳಿಸಿದ್ದಾರೆ. ಕೊಡುವಾಗ ಯಜಮಾನರು ಮೇಲಿನ ಅರ್ಧವನ್ನು ಹೆಬ್ಬೆರಳಲ್ಲಿ ಹಿಡಿದು, ಕೆಳಗಿನದನ್ನು ಮೊದಲಿಂದ ಕೊನೆಯವರೆಗೆ ಸರಸರ ಬಿಟ್ಟರು. ಆಮೇಲೆ ಅದರ ಉಲ್ಟಾ. ಎಲ್ಲೂ ತಡೆಯಲಿಲ್ಲ. ಎರಡು ಅರ್ಧಗಳ ನಡುವೆ ಒಂದು ಉಗುರಿನ ತುದಿ ಹೋಗುವಷ್ಟು ಸಂದು, ಮೊದಲಿಂದ ಕೊನೆಯ ತನಕ ಒಂದೇ ಸಮ.

ತೆಗೆದುಕೊಂಡದ್ದು 650 ರೂಪಾಯಿ. ಆ ಕೆಲಸಕ್ಕೆ ಅದು ಕಡಿಮೆ ಅಂತಲೇ ನನ್ನ ಅಭಿಪ್ರಾಯ. ಹತ್ತು ದಿನ ಅಂದದ್ದು ಹತ್ತೊಂಬತ್ತಾಯಿತು, ನಡುವೆ ಎರಡು ಸಲ ಸುಮ್ನೆ ಹೋಗಿ ಬರಬೇಕಾಯಿತು. ಫೋನ್ ಎತ್ತುವುದಿಲ್ಲ. ಕಪ್ಪು ಕ್ಯಾಲಿಕೋ ಕೇಳಿದ್ದೆ, ಕಡು ನೀಲಿ ಹಾಕಿದ್ದಾರೆ. ಬಟ್ಟೆಯ ಬಣ್ಣ ಮುಖ್ಯ ಅನ್ನುವವರು ತಾವೇ ತಂದುಕೊಡುವುದು ಒಳ್ಳೆಯದು. ಕೊನೆಯ ಹತ್ತಿಪ್ಪತ್ತು ಹಾಳೆಗಳ ಹೊಲಿಗೆ ಸ್ವಲ್ಪ ಬಿಗಿ, ಪುಸ್ತಕ ಮೇಜಿನ ಮೇಲೆ ತಾನಾಗಿ ತೆರೆದು ನಿಲ್ಲುವುದಿಲ್ಲ, ಕೈಯಲ್ಲಿ ಒತ್ತಿ ಹಿಡಿಯಬೇಕು. ಹೇಳಿದ್ದಕ್ಕೆ, ಎರಡು ತಿಂಗಳು ಹಾಡಿ, ಆಮೇಲೂ ಬಿಗಿಯಾಗೇ ಇದ್ದರೆ ತನ್ನಿ, ಬಿಚ್ಚಿ ಹಾಕಿಕೊಡುತ್ತೇನೆ, ದುಡ್ಡು ಬೇಡ ಅಂದಿದ್ದಾರೆ.

ಅಜ್ಜನ ಕಾಲದ ಪುಸ್ತಕವೋ, ಮನೆಯ ಲೆಕ್ಕದ ಪುಸ್ತಕವೋ ಇದ್ದವರು ಧೈರ್ಯವಾಗಿ ಕೊಡಬಹುದು. ಕೊಡುವಾಗ ಆ ಪುಸ್ತಕವನ್ನು ನೀವು ಹೇಗೆ ಬಳಸುತ್ತೀರಿ ಅಂತ ಕೂತು ಹೇಳಿ, ಅವರು ಕೇಳಿಸಿಕೊಳ್ಳುತ್ತಾರೆ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಆ ಕಡೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ನಾನೂ ದೀಪಾವಳಿ ಮುಗಿದ ಮೇಲೇ ಆ ಬಿಗಿ ಹೊಲಿಗೆ ತೋರಿಸಲು ಹೋಗುತ್ತೇನೆ.